ಜೆ-1 ವೀಸಾದಲ್ಲಿ ವಿಸಿಟಿಂಗ್ ಸ್ಕಾಲರ್ ಆಗಿ ಹೋಗೋರು ಯಾರ ಮಾತು ಕೇಳ್ಬೇಕು?

ನೀವು ಕೇಳಿರೋದು ಇಷ್ಟು: ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ತಿದೀರಿ, ಅಮೆರಿಕದ ಯೂನಿವರ್ಸಿಟಿಯೊಂದರ ಪ್ರೊಫೆಸರ್ ಒಂದು ವರ್ಷ ವಿಸಿಟಿಂಗ್ ಸ್ಕಾಲರ್ ಆಗಿ ಬನ್ನಿ ಅಂದಿದಾರೆ, ಜೆ-1 ವೀಸಾ ಅಂತೆ (ಓದೋಕೆ, ಪಾಠ ಮಾಡೋಕೆ, ಸಂಶೋಧನೆಗೆ ಅಂತ ಬರೋರಿಗೆ ಅಮೆರಿಕ ಕೊಡೋ ಎಕ್ಸ್‌ಚೇಂಜ್ ವೀಸಾ), ಹೆಂಡತಿ ಮಗುನೂ ಜೊತೆಗೆ ಬರ್ತಾರೆ, ಅಲ್ಲಿ ಏನೇನು ಜವಾಬ್ದಾರಿ ಇರುತ್ತೆ, ಮುಂದೆ ಮತ್ತೆ ಹೋಗ್ಬೇಕು ಅಂದ್ರೆ ತೊಂದ್ರೆ ಆಗುತ್ತಾ ಅಂತ.

ನಾನು 2016ರ ಆಗಸ್ಟಿಂದ 2018ರ ಜುಲೈವರೆಗೆ ಜೆ-1ನಲ್ಲೇ ರಿಸರ್ಚ್ ಸ್ಕಾಲರ್ ಆಗಿದ್ದೆ, ಹೆಂಡತಿ ಮತ್ತೆ ನಾಲ್ಕು ವರ್ಷದ ಮಗಳು ಜೆ-2, ಅಂದ್ರೆ ಜೊತೆಗೆ ಬರೋ ಕುಟುಂಬದವರ ವೀಸಾ. ಈಗ ವಾಪಸ್ ಬಂದು ಇಲ್ಲೇ ಪಾಠ ಮಾಡ್ತಿದೀನಿ. ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಯಾಕಂದ್ರೆ ನನಗೆ ಅದನ್ನ ಯಾರೂ ಹೇಳಿರ್ಲಿಲ್ಲ. ನಿಮ್ಮನ್ನ ಕರೆಯೋದು ಪ್ರೊಫೆಸರ್, ಆದ್ರೆ ನಿಮ್ಮ ಸ್ಟೇಟಸ್ಸಿನ ಜುಟ್ಟು ಇರೋದು ಅವರ ಕೈಲಲ್ಲ. ವೀಸಾಗೆ ಬೇಕಾದ ಡಿಎಸ್-2019 ಅನ್ನೋ ಫಾರ್ಮ್ ಕೊಡುತ್ತಲ್ಲ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸು, ಅಲ್ಲಿ ಕೂತಿರೋ ರೆಸ್ಪಾನ್ಸಿಬಲ್ ಆಫೀಸರ್ ಕೈಲಿ. ಪ್ರೊಫೆಸರ್‌ಗಳು ಒಳ್ಳೇ ಮನಸ್ಸಿಂದಾನೇ "ಅಯ್ಯೋ ಪರವಾಗಿಲ್ಲ, ಬನ್ನಿ, ಹೋಗಿ, ಮಾಡಿ" ಅಂತಾರೆ. ಅವರಿಗೆ ಅವರ ಸಬ್ಜೆಕ್ಟ್ ಗೊತ್ತು, ವೀಸಾ ರೂಲ್ಸು ಗೊತ್ತಿರಲ್ಲ.

ನನಗೆ ಎಲ್ಲಕ್ಕಿಂತ ಜೋರಾಗಿ ಪೆಟ್ಟು ಬಿದ್ದಿದ್ದು 24 ತಿಂಗಳ ಬಾರ್ ಅಂತಾರಲ್ಲ, ಅದ್ರಿಂದ. ಜೆ-1 ಒಳಗೇ ಬೇರೆ ಬೇರೆ ಕ್ಯಾಟಗರಿ ಇದೆ. ರಿಸರ್ಚ್ ಸ್ಕಾಲರ್ ಮತ್ತೆ ಪ್ರೊಫೆಸರ್ ಅನ್ನೋ ಕ್ಯಾಟಗರಿಲಿ ಗರಿಷ್ಠ ಐದು ವರ್ಷ ಇರ್ಬೋದು, ಶಾರ್ಟ್ ಟರ್ಮ್ ಸ್ಕಾಲರ್‌ಗೆ ಬರೀ ಆರು ತಿಂಗಳು, ಅದನ್ನ ಎಕ್ಸ್‌ಟೆಂಡ್ ಮಾಡಕ್ಕಾಗಲ್ಲ. ಐದು ವರ್ಷ ಅಂದ ತಕ್ಷಣ ಜನ ಏನ್ ತಿಳ್ಕೋತಾರೆ ಅಂದ್ರೆ, ಈ ಸಲ ಒಂದು ವರ್ಷ ಇದ್ದು ಬಂದು, ಎರಡು ಸೆಮಿಸ್ಟರ್ ಇಲ್ಲಿ ಪಾಠ ಮಾಡಿ, ಮತ್ತೆ ಹೋಗಿ ಉಳಿದ ನಾಲ್ಕು ವರ್ಷ ಬೇಕಾದಾಗ ಬಳಸ್ಕೋಬೋದು ಅಂತ. ಹಂಗಿಲ್ಲ. ನಿಮ್ಮ ಪ್ರೋಗ್ರಾಂ ಮುಗೀತು ಅಂತ ಸೆವಿಸ್ ಅನ್ನೋ ಅಮೆರಿಕ ಸರ್ಕಾರದ ದಾಖಲೆ ಸಿಸ್ಟಮ್ಮಲ್ಲಿ ಕ್ಲೋಸ್ ಆದ್ರೆ ಆ ಐದು ವರ್ಷದ ಬಾಗಿಲೂ ಮುಚ್ಚಿತು, ಒಂದೇ ವರ್ಷ ಇದ್ರೂ ಅಷ್ಟೇ, ಆಮೇಲೆ 24 ತಿಂಗಳು ಅದೇ ಎರಡು ಕ್ಯಾಟಗರಿಲಿ ವಾಪಸ್ ಹೋಗೋ ಹಾಗಿಲ್ಲ. ಜೊತೆಗೆ ಹೋದ ಜೆ-2ನವರಿಗೂ ಇದು ಅನ್ವಯ ಆಗುತ್ತೆ, ನಾಳೆ ನಿಮ್ಮ ಹೆಂಡತಿಗೇ ರಿಸರ್ಚ್ ಸ್ಕಾಲರ್ ಆಫರ್ ಬಂತು ಅಂದ್ರೆ ಅವರೂ ಕಾಯ್ಬೇಕು.

2019ರಲ್ಲಿ ನನ್ನ ಹಳೇ ಪ್ರೊಫೆಸರ್‌ಗೆ ಹೊಸ ಗ್ರಾಂಟ್ ಬಂತು, ನಾನು ಎರಡು ವರ್ಷ ಕೂತು ಕಟ್ಟಿದ ಕೆಲಸದ ಮುಂದುವರಿಕೆನೇ ಅದು, ಒಂದು ವರ್ಷ ಬಾ ಅಂತ ಮೇಲ್ ಹಾಕಿದ್ರು. ನಾನು ಇಲ್ಲಿ ರಜೆಗೆ ಅರ್ಜಿನೂ ಬರೆದಿಟ್ಟಿದ್ದೆ. ನಾಲ್ಕು ದಿನ ಬಿಟ್ಟು ಇಂಟರ್‌ನ್ಯಾಷನಲ್ ಆಫೀಸಿಂದ ಎರಡೇ ಸಾಲಿನ ಉತ್ತರ ಬಂತು, 2020ರ ಜುಲೈ ಆಗೋವರೆಗೂ ರಿಸರ್ಚ್ ಸ್ಕಾಲರ್ ಆಗಿ ಕರೆಸೋಕೆ ಆಗಲ್ಲ ಅಂತ. ಶಾರ್ಟ್ ಟರ್ಮ್ ಸ್ಕಾಲರ್‌ಗೆ ಈ ಬಾರ್ ಇಲ್ಲ, ಅದ್ರಲ್ಲಿ ಹೋಗ್ಬೋದಿತ್ತು, ಆದ್ರೆ ಆರು ತಿಂಗಳಲ್ಲಿ ಮುಗಿಯೋ ಕೆಲಸ ಅಲ್ಲ ಅದು. ಬಾರ್ ಮುಗಿಯೋ ಹೊತ್ತಿಗೆ ಕೋವಿಡ್. ಆ ಪ್ರಾಜೆಕ್ಟ್ ಬೇರೆಯವರ ಕೈಗೆ ಹೋಯ್ತು, ಅದರ ಬೇಜಾರು ಇವತ್ತಿಗೂ ಇದೆ. ಅದಕ್ಕೇ ಹೇಳ್ತಿದೀನಿ, ನಿಮ್ಮ ಪ್ರೊಫೆಸರ್‌ಗೆ ಮುಂದಿನ ವರ್ಷಾನೂ ನಿಮ್ಮನ್ನ ಇಟ್ಕೊಳ್ಳೋ ಯೋಚನೆ ಇದ್ರೆ, ಕ್ಲೋಸ್ ಆಗೋಕೆ ಮುಂಚೇನೇ ಎಕ್ಸ್‌ಟೆನ್ಶನ್ ಕೇಳಿ, ನಡುವೆ ಭಾರತದಲ್ಲಿ ಇದ್ದು ಅದೇ ಕೆಲಸ ಮುಂದುವರಿಸೋದಾದ್ರೆ ರೆಕಾರ್ಡನ್ನ ಜೀವಂತ ಇಡೋಕೆ ದಾರಿ ಇದೆಯಾ ಅಂತ ಆಫೀಸಲ್ಲಿ ಕೇಳಿ. ಐದೇ ತಿಂಗಳ ಕೆಲಸ ಆಗಿದ್ರೆ ಶಾರ್ಟ್ ಟರ್ಮ್ ಅಂತಲೇ ಹಾಕ್ಸಿ ಅಂತಿದ್ದೆ, ನಿಮ್ಮದು ಒಂದು ವರ್ಷ, ಹಾಗಾಗಿ ಆ ಆಯ್ಕೆ ಇಲ್ಲ.

ಇದನ್ನೂ ಎರಡು ವರ್ಷದ ಹೋಮ್ ರೆಸಿಡೆನ್ಸಿ ರೂಲನ್ನೂ ತುಂಬಾ ಜನ ಒಂದೇ ಅಂದ್ಕೋತಾರೆ. ಬೇರೆ ಬೇರೆ. 212(ಇ) ಅಂತ ಕರೆಯೋದು, ಅದು ತಗಲಿದ್ರೆ ಪ್ರೋಗ್ರಾಂ ಮುಗಿದ್ಮೇಲೆ ಎರಡು ವರ್ಷ ಭಾರತದಲ್ಲಿ ಇದ್ದ ಮೇಲೇ ಎಚ್-1ಬಿ, ಎಲ್ ಅನ್ನೋ ಕೆಲಸದ ವೀಸಾನೋ ಗ್ರೀನ್ ಕಾರ್ಡೋ ಸಿಗೋದು, ಇಲ್ಲಾಂದ್ರೆ ವೇವರ್, ಅಂದ್ರೆ ಈ ರೂಲಿಂದ ವಿನಾಯಿತಿ, ತಗೋಬೇಕು. ಮುಂಚೆ ಭಾರತದವರಿಗೆ ಇದು ಹೆಚ್ಚಾಗಿ ತಗಲ್ತಿದ್ದಿದ್ದು ಸ್ಕಿಲ್ಸ್ ಲಿಸ್ಟ್ (ಯಾವ ದೇಶಕ್ಕೆ ಯಾವ ಪರಿಣತಿಯವರು ಬೇಕು ಅಂತ ಅಮೆರಿಕ ಮಾಡಿರೋ ಪಟ್ಟಿ) ಕಾರಣಕ್ಕೆ, ನನ್ನ ವೀಸಾ ಮೇಲೂ ಹಂಗೇ ಬರೆದಿತ್ತು. 2024ರ ಡಿಸೆಂಬರ್ 9ರಿಂದ ಆ ಲಿಸ್ಟಿಂದ ಭಾರತವನ್ನ ತೆಗೆದಿದಾರೆ. ಆದ್ರೆ ಭಾರತ ಸರ್ಕಾರದ್ದೋ ಅಮೆರಿಕ ಸರ್ಕಾರದ್ದೋ ದುಡ್ಡಲ್ಲಿ, ಉದಾಹರಣೆಗೆ ಫುಲ್‌ಬ್ರೈಟ್-ನೆಹರೂ ಫೆಲೋಶಿಪ್ಪಲ್ಲಿ ಹೋದ್ರೆ ಈಗಲೂ ತಗಲುತ್ತೆ. ಅದಕ್ಕೆ ನಿಮಗೆ ಬರೋ ಸ್ಟೈಪೆಂಡ್ ನಿಜವಾಗಿ ಯಾರ ಜೇಬಿಂದ ಬರ್ತಿದೆ ಅಂತ ಮೊದಲೇ ಕೇಳಿ ತಿಳ್ಕೊಳ್ಳಿ.

ಇನ್ಶೂರೆನ್ಸ್ ವಿಷಯದಲ್ಲಿ ದಯವಿಟ್ಟು ಉಳಿತಾಯ ಮಾಡೋಕೆ ಹೋಗ್ಬೇಡಿ. ನಿಮಗೂ ಹೆಂಡತಿಗೂ ಮಗುಗೂ ಇರೋ ಅಷ್ಟೂ ದಿನ ಇರಲೇಬೇಕು: ಒಂದು ಕಾಯಿಲೆಗೋ ಅಪಘಾತಕ್ಕೋ ಕನಿಷ್ಠ 1,00,000 ಡಾಲರ್, ತುರ್ತಾಗಿ ಊರಿಗೆ ಸಾಗಿಸೋಕೆ 50,000, ಪ್ರಾಣ ಹೋದ್ರೆ ದೇಹ ಕಳಿಸೋಕೆ 25,000, ನಾವು ಕೈಯಿಂದ ಕೊಡೋ ಡಿಡಕ್ಟಿಬಲ್ 500 ಡಾಲರ್ ದಾಟೋ ಹಾಗಿಲ್ಲ. ಬೇಕಂತಲೇ ಮಾಡಿಸದೇ ಇದ್ರೆ ಪ್ರೋಗ್ರಾಮನ್ನೇ ಟರ್ಮಿನೇಟ್ ಮಾಡ್ಬೇಕು ಅಂತ ರೂಲ್ಸಲ್ಲೇ ಇದೆ. ನಮ್ಮ ಮೊದಲ ಜನವರಿಲಿ ಮಗಳಿಗೆ ರಾತ್ರಿ ಹನ್ನೊಂದಕ್ಕೆ ಕಿವಿನೋವು ಶುರುವಾಯ್ತು, ಹೊರಗೆ ಮೊಣಕಾಲುದ್ದ ಹಿಮ, ಮಗು ಒಂದು ಕೈಲಿ ಕಿವಿ ಹಿಡ್ಕೊಂಡು ಇನ್ನೊಂದು ಕೈಲಿ ನನ್ನ ಜಾಕೆಟ್ಟಿನ ಜಿಪ್ಪು ಹಿಡ್ಕೊಂಡು ಅಳ್ತಾನೇ ಇತ್ತು. ಆಸ್ಪತ್ರೆ ಕೌಂಟರಲ್ಲಿ ಮೊದಲು ಕೇಳಿದ್ದೇ ಇನ್ಶೂರೆನ್ಸ್ ಕಾರ್ಡ್. ಪರ್ಸಿಂದ ಕಾರ್ಡ್ ತೆಗೆದು ಕೊಟ್ಟಾಗ ನನ್ನ ಹೆಂಡತಿ ಬಿಟ್ಟ ಉಸಿರು ನನಗಿನ್ನೂ ನೆನಪಿದೆ, ಯಾಕಂದ್ರೆ ಹೊರಡೋ ಮುಂಚೆ "ಒಂದು ವರ್ಷಕ್ಕೆ ಇಷ್ಟು ದುಡ್ಡಾ, ಕಡಿಮೆದು ನೋಡೋಣ" ಅಂತ ನಾವಿಬ್ಬರೂ ಯೋಚನೆ ಮಾಡಿದ್ವಿ.

ಹೊರಗಡೆ ಲೆಕ್ಚರ್ ಕೊಡೋದು ಇನ್ನೊಂದು ವಿಷಯ, ವಿಸಿಟಿಂಗ್ ಸ್ಕಾಲರ್‌ಗಳಿಗೆ ಇದು ಬಂದೇ ಬರುತ್ತೆ. ಪಕ್ಕದ ರಾಜ್ಯದ ಕಾಲೇಜೊಂದು ನನ್ನನ್ನ ಒಂದು ಟಾಕಿಗೆ ಕರೀತು, 300 ಡಾಲರ್ ಗೌರವಧನ. ಪ್ರೊಫೆಸರ್ ಖುಷಿಯಾಗಿ ಹೋಗು ಅಂದ್ರು. ಯಾಕೋ ಅನುಮಾನ ಬಂದು ಇಂಟರ್‌ನ್ಯಾಷನಲ್ ಆಫೀಸಿಗೆ ಮೇಲ್ ಹಾಕಿದೆ, ಅವರು ತಕ್ಷಣ ಫೋನೇ ಮಾಡಿದ್ರು. ಕರೆದಿರೋ ಕಾಲೇಜಿಂದ ಒಂದು ಪತ್ರ ಬೇಕು, ಅದ್ರಲ್ಲಿ ಯಾವತ್ತು, ಎಷ್ಟು ಗಂಟೆ, ಯಾವ ವಿಷಯ, ಎಷ್ಟು ದುಡ್ಡು ಎಲ್ಲಾ ಇರ್ಬೇಕು, ಇದ್ರಿಂದ ಮೂಲ ಕೆಲಸಕ್ಕೆ ಅಡ್ಡಿ ಇಲ್ಲ ಅಂತ ಪ್ರೊಫೆಸರ್ ಇನ್ನೊಂದು ಪತ್ರ ಕೊಡ್ಬೇಕು, ಆಮೇಲೆ ರೆಸ್ಪಾನ್ಸಿಬಲ್ ಆಫೀಸರ್ ಬರವಣಿಗೆಲಿ ಒಪ್ಪಿಗೆ ಕೊಟ್ಟ ಮೇಲೇ ಹೋಗ್ಬೇಕು. ಹೋಗಿ ಬಂದ್ಮೇಲೆ ಕೇಳಿದ್ರೆ ಅದು ಅನುಮತಿ ಇಲ್ದೆ ಮಾಡಿದ ಕೆಲಸ ಅಂತಾನೇ ಲೆಕ್ಕ. ಟಾಕ್ ಎರಡು ವಾರ ಮುಂದಕ್ಕೆ ಹೋಯ್ತು ಅಷ್ಟೇ, ಕಾಲೇಜಿನವರು ಏನೂ ಬೇಜಾರು ಮಾಡ್ಕೊಳ್ಳಲಿಲ್ಲ.

ಉಳಿದಿದ್ದು ಬೇಗ ಹೇಳ್ತೀನಿ. ಪ್ರೋಗ್ರಾಂ ಶುರುವಾಗೋ ತಾರೀಕಿಗೆ 30 ದಿನ ಮುಂಚೆಯಿಂದ ಒಳಗೆ ಹೋಗ್ಬೋದು. ಹೋದ ತಕ್ಷಣ ಇಂಟರ್‌ನ್ಯಾಷನಲ್ ಆಫೀಸಲ್ಲಿ ಚೆಕ್-ಇನ್ ಮಾಡಿ, ಶುರುವಿನ ತಾರೀಕಿಂದ 30 ದಿನದೊಳಗೆ ನೀವು ಬಂದಿದೀರಿ ಅಂತ ಅವರು ಸೆವಿಸ್ಸಲ್ಲಿ ವ್ಯಾಲಿಡೇಟ್ ಮಾಡ್ಲೇಬೇಕು, ಲ್ಯಾಬಲ್ಲಿ ದಿನಾ ಕಾಣಿಸ್ತಿದೀನಲ್ಲ ಅಂದ್ರೆ ನಡಿಯಲ್ಲ. ಮನೆ ಬದಲಾಯಿಸಿದ್ರೆ 10 ದಿನದೊಳಗೆ ತಿಳಿಸ್ಬೇಕು. ನಡುವೆ ಊರಿಗೆ ಬಂದು ಹೋಗೋದಿದ್ರೆ ಡಿಎಸ್-2019 ಮೇಲೆ ಟ್ರಾವೆಲ್ ಸಹಿ ಹಾಕಿಸ್ಕೊಂಡೇ ಹೊರಡಿ. ಪಾಸ್‌ಪೋರ್ಟಲ್ಲಿರೋ ವೀಸಾ ಸ್ಟಾಂಪು ಒಳಗೆ ಹೋಗೋಕೆ ಮಾತ್ರ, ಎಷ್ಟು ದಿನ ಇರ್ಬೋದು ಅನ್ನೋದು ಅದ್ರಲ್ಲಿಲ್ಲ. ಹೆಂಡತಿ ಕೆಲಸ ಮಾಡ್ಬೇಕು ಅಂದ್ರೆ ಐ-765 ಅರ್ಜಿ ಹಾಕಿ ಇಎಡಿ, ಅಂದ್ರೆ ಕೆಲಸದ ಅನುಮತಿ ಕಾರ್ಡ್ ತಗೋಬೇಕು, ಆ ಸಂಪಾದನೆ ನಿಮ್ಮನ್ನ ಸಾಕೋಕೆ ಅಂತ ಅರ್ಜಿಲಿ ಬರೀಬಾರ್ದು, ಅದಕ್ಕೆ ಒಪ್ಪಲ್ಲ.

ಟ್ಯಾಕ್ಸ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ಬೇಕು. ಭಾರತ-ಅಮೆರಿಕ ತೆರಿಗೆ ಒಪ್ಪಂದದ 22ನೇ ಆರ್ಟಿಕಲ್ ಪ್ರಕಾರ ಪಾಠಕ್ಕೋ ಸಂಶೋಧನೆಗೋ ಹೋದವರಿಗೆ ಆ ಸಂಬಳದ ಮೇಲೆ ಅಲ್ಲಿನ ಫೆಡರಲ್ ಇನ್‌ಕಮ್ ಟ್ಯಾಕ್ಸ್ ವಿನಾಯಿತಿ ಇದೆ, ಆದ್ರೆ ಆ ಭೇಟಿ ಎರಡು ವರ್ಷ ಮೀರಬಾರ್ದು, ಮೀರಿದ್ರೆ ಮೊದಲ ದಿನದಿಂದಲೇ ವಿನಾಯಿತಿ ಹೋಗುತ್ತೆ. ಪ್ರೊಫೆಸರ್ ಇನ್ನು ಮೂರು ತಿಂಗಳು ಇರು ಅಂದಾಗ ನಾನು ಹೆಂಡತಿ ಅಡುಗೆಮನೆ ಟೇಬಲ್ ಮೇಲೆ ಲೆಕ್ಕ ಹಾಕಿದ್ವಿ, ಮೂರು ತಿಂಗಳ ಸಂಬಳಕ್ಕಿಂತ ಎರಡು ವರ್ಷದ ಟ್ಯಾಕ್ಸ್ ಜಾಸ್ತಿ ಬರ್ತಿತ್ತು, ಜುಲೈ ಕೊನೇಲಿ ಹೊರಟ್ವಿ. ಈ ವಿನಾಯಿತಿ ತಾನಾಗೇ ಸಿಗಲ್ಲ, ಪೇರೋಲಲ್ಲಿ 8233 ಫಾರ್ಮ್ ಕೊಡ್ಬೇಕು. ಸಂಬಳ ಇಲ್ದಿದ್ರೂ ಮೂವರೂ ಅಲ್ಲಿನ ತೆರಿಗೆ ಇಲಾಖೆಗೆ 8843 ಫಾರ್ಮ್ ಕಳಿಸ್ಬೇಕು, ಮಗುದೂ ಸೇರಿ.

ಡಿಎಸ್-2019 ಬಂದ ತಕ್ಷಣ 220 ಡಾಲರ್ ಸೆವಿಸ್ ಫೀಸ್ ಕಟ್ಟೋ ಆತುರ ಬೇಡ. ಮೊದಲು 4ನೇ ಬಾಕ್ಸಲ್ಲಿ ಯಾವ ಕ್ಯಾಟಗರಿ ಹಾಕಿದಾರೆ, 5ನೇ ಬಾಕ್ಸಲ್ಲಿ ದುಡ್ಡು ಯಾರದ್ದು ಅಂತ ಬರೆದಿದಾರೆ, ಹೆಸರು ಹುಟ್ಟಿದ ತಾರೀಕು ಪಾಸ್‌ಪೋರ್ಟಲ್ಲಿ ಇರೋ ಹಾಗೇ ಇದೆಯಾ ನೋಡಿ. ತಪ್ಪಿದ್ರೆ ಪ್ರೊಫೆಸರ್‌ಗೆ ಅಲ್ಲ, ನೇರ ಆ ಆಫೀಸಿಗೇ ಬರೀರಿ, ಇಂಟರ್‌ವ್ಯೂಗೆ ಮುಂಚೆ ಆದ್ರೆ ಹೊಸದು ಕಳಿಸ್ತಾರೆ.