ಕಬ್ಬಿಣವೋ ಕಾಂಕ್ರೀಟೋ ಎಂಬುದು ಆಮೇಲಿನ ಮಾತು

ತೋಟದ ಹಳ್ಳಕ್ಕೆ ಪಿಕಪ್ ದಾಟುವಂಥ ಸೇತುವೆ ಬೇಕು, ಕಬ್ಬಿಣದ ಗರ್ಡರೋ (ಉದ್ದದ ತೊಲೆ) ಕಾಂಕ್ರೀಟೋ ಎಂದು ಕೇಳಿದ್ದೀರಿ. ನಿಮ್ಮದು ಸಕಲೇಶಪುರ, ನಮ್ಮದು ಮೂಡಿಗೆರೆ ಕಡೆ. ಇದೇ ಚರ್ಚೆಯಲ್ಲಿ ನಮ್ಮ ಮನೆಯವರೆಲ್ಲ ಒಂದು ಬೇಸಿಗೆ ಕಳೆದು, ಕೊನೆಗೆ ಖರ್ಚು ಕಡಿಮೆಯೆಂದು ಮೂರು ಹ್ಯೂಮ್ ಪೈಪ್ (ಕಾಂಕ್ರೀಟಿನ ದೊಡ್ಡ ಕೊಳವೆ) ಮಲಗಿಸಿ, ಮಣ್ಣು ತುಂಬಿ, ಮೇಲೆ ಕಾಂಕ್ರೀಟ್ ಹಾಸಿದೆವು. ಮಾರ್ಚ್ ತಿಂಗಳು, ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು. ಎರಡೇ ಪೈಪ್ ಸಾಕಿತ್ತು ಎಂದಿದ್ದರು ಮೇಸ್ತ್ರಿ.

ಕೆಟ್ಟದ್ದು ಅಲ್ಲೇ. ಲೆಕ್ಕ ನೋಡಿ: 3 ಅಡಿ ವ್ಯಾಸದ ಪೈಪಿನ ಬಾಯಿ ಸುಮಾರು 7 ಚದರ ಅಡಿ, ಮೂರು ಸೇರಿದರೆ 21. ಮಳೆಗಾಲದಲ್ಲಿ ಅದೇ ಹಳ್ಳ 20 ಅಡಿ ಅಗಲಕ್ಕೆ, 5 ಅಡಿ ಎತ್ತರಕ್ಕೆ ಹರಿಯುತ್ತದೆ. ಅಂದರೆ 100 ಚದರ ಅಡಿ. ನೂರರಲ್ಲಿ ಬರುವ ನೀರನ್ನು ಇಪ್ಪತ್ತೊಂದರಲ್ಲಿ ತೂರಿಸಲು ಹೊರಟಿದ್ದೆವು, ಅದೂ ಬಾಯಿ ತೆರೆದಿದ್ದರೆ. ಆಷಾಢದ ಮಳೆಗೆ ಬಿದಿರು, ಸಿಲ್ವರ್ ಓಕ್ ಕೊಂಬೆ ತೇಲಿ ಬಂದು ಸಿಕ್ಕಿಕೊಂಡವು. ಹಿಂದೆ ನೀರು ಏರಿತು, ಪಕ್ಕದ ಮಣ್ಣು ಕೊರೆದು ತನ್ನ ದಾರಿ ತಾನು ಮಾಡಿಕೊಂಡಿತು. ಬೆಳಗ್ಗೆ ನೋಡಿದರೆ ಪೈಪುಗಳು ಇದ್ದಲ್ಲೇ ಇವೆ, ಒಂದು ಬಿರುಕೂ ಇಲ್ಲ. ಆಚೆ ಈಚೆಯ ರಸ್ತೆ ಮಾತ್ರ ಇಲ್ಲ. ಆ ವರ್ಷ ಗೊಬ್ಬರದ ಮೂಟೆಗಳೆಲ್ಲ ತಲೆಹೊರೆಯಲ್ಲೇ ಹಳ್ಳ ದಾಟಿದವು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ನೀರಿಗೆ ಎಷ್ಟು ಜಾಗ ಬಿಡುತ್ತೀರಿ, ಅಡಿಪಾಯ ಯಾವುದರ ಮೇಲೆ ಕೂರುತ್ತದೆ, ಇವು ಮೊದಲು. ಇಕ್ಕಟ್ಟಿನಲ್ಲಿ ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ಬುಡದ ಮರಳನ್ನೂ ಎಬ್ಬಿಸಿಕೊಂಡು ಹೋಗುತ್ತದೆ.

ಎರಡನೆಯ ಸಲ ನಡುವೆ ಕಂಬವೇ ಇಲ್ಲದೆ ದಡದಿಂದ ದಡಕ್ಕೆ ಒಂದೇ ಕಾಂಕ್ರೀಟ್ ಹಾಸು ಹಾಕಿಸಿದೆವು. ಬಂಡೆ ಸಿಗುವವರೆಗೆ ಅಗೆದು ಎರಡು ಗೋಡೆ, ದಡದ ಮಣ್ಣು ಕೊಚ್ಚದಂತೆ ಅವುಗಳ ಪಕ್ಕಕ್ಕೆ ಚಾಚಿದ ರೆಕ್ಕೆಗೋಡೆ, ಹಿಂದಿನ ನೀರು ಬಸಿಯಲು ಗೋಡೆಯಲ್ಲಿ ತೂತು. ಕಾಂಕ್ರೀಟ್ ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಭಾರ ಬಿದ್ದಾಗ ಇಂಥ ಹಾಸಿನ ತಳಭಾಗ ಎಳೆತಕ್ಕೆ ಸಿಗುವುದರಿಂದ ಎಳೆತ ತಾಳುವ ಕಬ್ಬಿಣದ ಮುಖ್ಯ ಸರಳುಗಳು ಕೆಳಗಡೆ ಇರಬೇಕು. ಆದರೆ ಕಾಂಕ್ರೀಟ್ ಸುರಿಯಲು ಅಡಿಗೆ ಕೊಡುವ ಹಲಗೆಗೆ ತಾಗಿಕೊಂಡಿರಬಾರದು. ತಾಗಿದ್ದರೆ ನಮ್ಮ ಮಳೆಗೆ ತುಕ್ಕು ಹಿಡಿದು, ಉಬ್ಬಿ, ಕಾಂಕ್ರೀಟನ್ನೇ ಒಡೆಯುತ್ತವೆ. ಕಬ್ಬಿಣ ಕಟ್ಟುವ ದಿನ ಎದುರಿಗೆ ನಿಂತಿರಿ.

ಸುಬ್ರಹ್ಮಣ್ಯದ ರೈಲು ದಾರಿಯಲ್ಲಿ ಗರ್ಡರ್ ಇದೆಯಲ್ಲ ಎಂದಿದ್ದೀರಿ. ಅದು ಆಳದ ಕಣಿವೆ, ಕೆಳಗಿನಿಂದ ಊರೆ ಕೊಟ್ಟು ಕಾಂಕ್ರೀಟ್ ಹಾಕುವ ಜಾಗವಲ್ಲ. ಜೊತೆಗೆ ಬಣ್ಣ ಬಳಿಯಲು, ತುಕ್ಕು ನೋಡಲು ರೈಲ್ವೆಗೆ ಜನರಿದ್ದಾರೆ. ತೋಟದಲ್ಲಿ ಕೊಯ್ಲಿಗೇ ಆಳು ಸಿಗುವುದಿಲ್ಲ. ಜನ ನಡೆದು ದಾಟಿದರೆ ಸಾಕೆಂದಾದರೆ ಮಾತು ಬೇರೆ: 2017ರಲ್ಲಿ ಪದ್ಮಶ್ರೀ ಪಡೆದ ಸುಳ್ಯದ ಗಿರೀಶ್ ಭಾರದ್ವಾಜರು ಹಳ್ಳಿಗಳಿಗೆ ಕಟ್ಟಿಕೊಟ್ಟಂಥ ತೂಗುಸೇತುವೆಯನ್ನು ಯೋಚಿಸಿ.

ಗುತ್ತಿಗೆದಾರರನ್ನು ಈಗಲೇ ಕರೆಯಬೇಡಿ. 2019ರ ಆಗಸ್ಟ್ ಮಳೆಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ತೋಟದ ಹಳೆಯ ಕೆಲಸದವರನ್ನು ಕೇಳಿ, ದಡದ ಮರಕ್ಕೆ ಬಣ್ಣ ಹಚ್ಚಿ. ಹಾಸಿನ ತಳ ಆ ಗುರುತಿಗಿಂತ ಮೇಲಿರಲಿ ಎಂದು ಎಂಜಿನಿಯರಿಗೆ ಹೇಳಿ. ಸರಳು ಎಷ್ಟು ದಪ್ಪ, ಹಾಸು ಎಷ್ಟು ದಪ್ಪ ಎಂಬುದನ್ನು ಅವರು ಲೆಕ್ಕ ಹಾಕಿ ಕೊಡುತ್ತಾರೆ.