ಲಾರಿಗೆ ಓವರ್‌ಲೋಡ್ ಪರ್ಮಿಟ್ ಸಿಗುತ್ತಾ? ಮಳೆಗಾಲದಲ್ಲಿ ಘಾಟಿ ದಾರಿಯ ನಿಯಮ ಏನು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹಾಸನದಲ್ಲಿ ನಿಮ್ಮದೊಂದು ಆರು ಚಕ್ರದ ಲಾರಿ ಇದೆ. ಮಂಗಳೂರು, ಕೊಡಗಿನ ಕಡೆ ಬಾಡಿಗೆ ಹೊಡೆಯುತ್ತೀರಿ. ದುಡ್ಡು ಕಟ್ಟಿ ಎರಡು ಮೂರು ಟನ್ ಜಾಸ್ತಿ ಹಾಕಲು ಪರ್ಮಿಟ್ ಸಿಗುತ್ತಾ, ಮಳೆಗಾಲದಲ್ಲಿ ಘಾಟಿಯಲ್ಲಿ ಯಾವ ಲಾರಿ ತಡೀತಾರೆ, ಹತ್ತು ಚಕ್ರದ್ದು ತಗೊಂಡರೆ ಹೇಗೆ, ಇವು ಮೂರು. ನಾನು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೋಡ್ ಬುಕಿಂಗ್ ನೋಡಿಕೊಳ್ಳುವವನು. ದಿನವೂ ಇದೇ ಮಾತು ನಡೆಯುವ ಜಾಗ ಅದು.

ಮೊದಲನೆಯದಕ್ಕೆ ಉತ್ತರ: ಸಿಗುವುದಿಲ್ಲ. ಮರಳು, ಜಲ್ಲಿ, ಸಿಮೆಂಟ್, ಕಾಫಿ ಮೂಟೆ, ಇವಕ್ಕೆ ಓವರ್‌ಲೋಡ್ ಪರ್ಮಿಟ್ ಅನ್ನುವುದೇ ಇಲ್ಲ. ಎರಡು ಲಾರಿಗೆ ಹಂಚಿ ಹಾಕಬಹುದಾದ ಸಾಮಾನಿಗೆ ಯಾಕೆ ಕೊಡಬೇಕು, ಅಲ್ವಾ? ನಿಮ್ಮ ಮಿತಿ ನಿಮ್ಮ ಆರ್‌ಸಿಯಲ್ಲೇ ಇದೆ. ಅದರಲ್ಲಿರುವ ಒಟ್ಟು ತೂಕ (ಗಾಡಿ, ಮಾಲು ಎರಡೂ ಸೇರಿ) ದಾಟಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್ ಹೇಳುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ತೂಕದ ಮಿತಿ ಜಾಸ್ತಿ ಮಾಡಿತು. ಎರಡು ಆಕ್ಸಲ್‌ನ ಆರು ಚಕ್ರದ ಲಾರಿಗೆ 16.2 ಟನ್ ಇದ್ದದ್ದು 18.5 ಟನ್ ಆಯಿತು. ಮುಂದಿನ ಆಕ್ಸಲ್‌ಗೆ 7, ಹಿಂದಿನ ನಾಲ್ಕು ಟೈರಿನ ಆಕ್ಸಲ್‌ಗೆ 11.5. ದೊಡ್ಡ ಟ್ರೈಲರ್‌ಗಳ ಗರಿಷ್ಠ ಮಿತಿ 49ರಿಂದ 55 ಟನ್‌ಗೆ ಏರಿತು. ಆದರೆ ಊರಲ್ಲಿ ಯಾರೋ ಹೇಳಿದ ಲೆಕ್ಕ ನಂಬಬೇಡಿ. ನಿಮ್ಮ ಆರ್‌ಸಿ ತೆಗೆದು ನೋಡಿ. ಅದರಲ್ಲಿ ಏನಿದೆಯೋ ಅದೇ ನಿಮ್ಮ ಪಾಸಿಂಗ್.

ಇನ್ನು "ಫೈನ್ ಕಟ್ಟಿದರೆ ಮುಗೀತು" ಅನ್ನುವ ಮಾತು. ಲಾರಿ ಲೈನಿನಲ್ಲಿ ನನಗೆ ಅತಿ ಬೇಸರ ತರುವ ಮಾತು ಇದು. ಹಿಂದೆ ಕೆಲವು ರಾಜ್ಯಗಳು ದುಡ್ಡು ಕಟ್ಟಿಸಿಕೊಂಡು ಓವರ್‌ಲೋಡ್ ಲಾರಿಯನ್ನು ಹಾಗೇ ಮುಂದೆ ಬಿಡುತ್ತಿದ್ದವು. 2005ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದು ಕೂಡದು ಅಂತ ತೀರ್ಪು ಕೊಟ್ಟಿತು. ದಂಡ ಕಟ್ಟಿದರೂ ಹೆಚ್ಚಿನ ಮಾಲು ಇಳಿಸದೆ ಲಾರಿ ಮುಂದೆ ಹೋಗುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಇದೇ ಮಾತನ್ನು 194ನೇ ಸೆಕ್ಷನ್ನಿನಲ್ಲಿ ಇನ್ನೂ ಬಿಗಿಯಾಗಿ ಬರೆದರು. ಕೇಂದ್ರ ಕಾಯ್ದೆಯ ಪ್ರಕಾರ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಮೂರು ಟನ್ ಜಾಸ್ತಿ ಹಾಕಿದರೆ 26,000 ಆಯಿತು. ಇಳಿಸುವ ಕೂಲಿ ನಿಮ್ಮದೇ. ಇಳಿಸಿದ ಮಾಲು ದಾರಿಯಲ್ಲಿ ನೆನೆದರೂ ಕಳುವಾದರೂ ನಷ್ಟ ನಿಮ್ಮದೇ. ತೂಕ ಹಾಕಿಸದೆ ತಪ್ಪಿಸಿಕೊಂಡು ಹೋದರೆ, ಅಥವಾ ತೂಕಕ್ಕೆ ಮೊದಲೇ ಮಾಲು ಇಳಿಸಿಬಿಟ್ಟರೆ, 40,000. ಡ್ರೈವರ್ ಬೇರೆಯವನಾದರೂ ನೀವು ಪಾರಾಗುವುದಿಲ್ಲ. ಮಾಲೀಕನಿಗೆ ಗೊತ್ತಿದ್ದೇ ಆಗಿದೆ ಅಂತ ಕೋರ್ಟ್ ಭಾವಿಸಬಹುದು ಅಂತ ಕಾಯ್ದೆಯಲ್ಲೇ ಇದೆ. ಹಾಗೆ ಓಡಿಸಲು ಕಾರಣನಾದವನೂ ಸಿಕ್ಕಿಬೀಳುತ್ತಾನೆ. ಅಂದರೆ "ಇನ್ನೊಂದು ಬಕೆಟ್ ಹಾಕು" ಅಂತ ಕ್ರಷರ್‌ನಲ್ಲಿ ನಿಂತು ಒತ್ತಾಯ ಮಾಡುವವರಿಗೂ ಈ ಮಾತು ತಿಳಿಸಿ.

ಹಾಗಾದರೆ ರಸ್ತೆಯಲ್ಲಿ ನೂರಾರು ಟನ್ನಿನ ಟ್ರಾನ್ಸ್‌ಫಾರ್ಮರ್ ಹೋಗುವುದು ಹೇಗೆ ಅಂತ ಕೇಳಬಹುದು. ಪರ್ಮಿಟ್ ಇರುವುದು ಅದಕ್ಕೆ ಮಾತ್ರ. ತುಂಡು ಮಾಡಲಾಗದ ಒಂದೇ ವಸ್ತು, ಅದಕ್ಕೆ ಸಾಲು ಸಾಲು ಆಕ್ಸಲ್ ಇರುವ ಹೈಡ್ರಾಲಿಕ್ ಟ್ರೈಲರ್. ನಮ್ಮಲ್ಲಿ ಎಲ್ಲರೂ ಇದನ್ನು ಓ.ಡಿ.ಸಿ. (ಓವರ್ ಡೈಮೆನ್ಷನಲ್ ಕಾರ್ಗೋ, ಅಂದರೆ ಅಳತೆ ಮೀರಿದ ಸರಕು) ಅನ್ನುತ್ತಾರೆ. ಹೆದ್ದಾರಿಯ ಸೇತುವೆ ಕಟ್ಟುವವರ ಲೆಕ್ಕದಲ್ಲಿ ಇಂಥ ವಿಶೇಷ ವಾಹನಕ್ಕೆ ಬೇರೆ ನಮೂನೆಯೇ ಇದೆ. ಒಟ್ಟು 385 ಟನ್. ಅದು ಸೇತುವೆಯ ಮಧ್ಯದಲ್ಲೇ ಹೋಗಬೇಕು, ಗಂಟೆಗೆ 5 ಕಿಲೋಮೀಟರ್‌ಗಿಂತ ಜೋರಾಗಿ ಹೋಗಬಾರದು, ಆ ಹೊತ್ತಿಗೆ ಬೇರೆ ಗಾಡಿ ಸೇತುವೆ ಮೇಲೆ ಇರಬಾರದು. ಒಟ್ಟು ತೂಕ ಎಷ್ಟೇ ಇರಲಿ, ಒಂದೊಂದು ಆಕ್ಸಲ್ ಮೇಲೆ ಬೀಳುವುದನ್ನು ಹಂಚಿರುತ್ತಾರೆ. ನಿಮ್ಮ ಆರು ಚಕ್ರಕ್ಕೆ ಹಂಚಲು ಹಿಂದೆ ಇರುವುದು ಒಂದೇ ಆಕ್ಸಲ್.

ಆ ಒಂದು ಆಕ್ಸಲ್ ರಸ್ತೆಗೆ ಏನು ಮಾಡುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಿ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಪರೀಕ್ಷೆಗೆ ಅಂತಲೇ ರಸ್ತೆ ಕಟ್ಟಿ, ಅದರ ಮೇಲೆ ಲಾರಿಗಳನ್ನು ಹಗಲು ರಾತ್ರಿ ಓಡಿಸಿ ನೋಡಿದರು. ಅಲ್ಲಿ ತಿಳಿದದ್ದು, ಆಕ್ಸಲ್ ತೂಕ ಎರಡು ಪಟ್ಟಾದರೆ ರಸ್ತೆಯ ಸವೆತ ಸುಮಾರು ಹದಿನಾರು ಪಟ್ಟಾಗುತ್ತದೆ ಅಂತ. ತೂಕ ಎಷ್ಟು ಪಟ್ಟಾಯಿತೋ ಆ ಸಂಖ್ಯೆಯನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿದರೆ (2×2×2×2) ಬರುವ ಲೆಕ್ಕ ಅದು. ಇಂದಿಗೂ ಎಂಜಿನಿಯರ್‌ಗಳು ಅಂದಾಜಿಗೆ ಇದನ್ನೇ ಬಳಸುತ್ತಾರೆ. ನಿಮ್ಮ ಗಾಡಿಗೆ ಹಾಕಿ ನೋಡೋಣ. ಮೂರು ಟನ್ ಜಾಸ್ತಿ ತುಂಬಿದರೆ ಹೆಚ್ಚಿನ ಪಾಲು ಹಿಂದಕ್ಕೆ ಬೀಳುತ್ತದೆ. 11.5 ಇರಬೇಕಾದದ್ದು 14 ಆಯಿತು ಅನ್ನಿ. ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಿಗಿಂತ ಜಾಸ್ತಿ. ನೀವು ಕೊಂಡೊಯ್ದದ್ದು ಕಾಲು ಭಾಗ ಹೆಚ್ಚು ಮಾಲು. ರಸ್ತೆ ಕೊಟ್ಟದ್ದು ಎರಡು ಗಾಡಿಯ ಆಯುಸ್ಸು. 2018ರಲ್ಲಿ ಕಾನೂನೇ 10.2ರಿಂದ 11.5ಕ್ಕೆ ಏರಿಸಿತಲ್ಲ, ಅದೂ ಇದೇ ಲೆಕ್ಕದಲ್ಲಿ ಸುಮಾರು 60 ಪರ್ಸೆಂಟ್ ಜಾಸ್ತಿ ಪೆಟ್ಟು. ಹೊಸ ಮಿತಿಯೇ ರಸ್ತೆಗೆ ಸಾಕಷ್ಟು ಭಾರ ಅಂತ ನಾನು ತಿಳಿದಿದ್ದೇನೆ. ಅದರ ಮೇಲೆ ಇನ್ನೂ ಹೇರಬಾರದು.

ಗಾಡಿಯೂ ಹೇಳುತ್ತದೆ. ಓವರ್‌ಲೋಡ್ ಓಡಿಸುವ ಲಾರಿಯ ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಬಗ್ಗಿ ನೋಡಿ. ಬಿಲ್ಲಿನ ಹಾಗೆ ಬಾಗಿರಬೇಕಾದವು ನೇರವಾಗಿ ಮಲಗಿರುತ್ತವೆ. ಜೋಡಿ ಟೈರುಗಳ ನಡುವೆ ಬೆರಳು ತೂರುವುದಿಲ್ಲ, ಪಕ್ಕಗಳು ಒಂದಕ್ಕೊಂದು ಉಜ್ಜಿ ಕಾಯುತ್ತವೆ. ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ನಿಲ್ಲಿಸಿದ ಲಾರಿಯ ಪಕ್ಕ ಹೋದರೆ ಸುಟ್ಟ ಬ್ರೇಕ್ ಲೈನರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಲೈನರ್ ಕಾದಷ್ಟೂ ಹಿಡಿತ ಕಮ್ಮಿ. ಘಾಟಿಯಲ್ಲಿ ಬ್ರೇಕ್ ಸಿಗಲಿಲ್ಲ ಅನ್ನುವ ಎಷ್ಟೋ ಅಪಘಾತಗಳ ಹಿಂದೆ ಇದೇ ಇರುತ್ತದೆ. ದಯವಿಟ್ಟು ಹತ್ತಿದ ಗೇರಿನಲ್ಲೇ ಇಳಿಯಿರಿ.

ಇನ್ನು ಮಳೆಗಾಲದ ಮಾತು. ಡಾಂಬರಿನ ಕೆಳಗಿನ ಮಣ್ಣು ನೀರು ಕುಡಿದರೆ ಅದರ ಶಕ್ತಿ ಹೋಗುತ್ತದೆ. ಬೇಸಿಗೆಯಲ್ಲಿ ಹೊತ್ತ ಭಾರವನ್ನು ಆಗ ಹೊರುವುದಿಲ್ಲ. ಅಮೆರಿಕದ ಮಿನ್ನೆಸೋಟದಂಥ ಚಳಿ ರಾಜ್ಯಗಳಲ್ಲಿ ಹಿಮ ಕರಗುವ ತಿಂಗಳುಗಳಲ್ಲಿ ಆಕ್ಸಲ್ ಮಿತಿ ಇಳಿಸುವುದೂ ಇದೇ ಕಾರಣಕ್ಕೆ. ನಮ್ಮಲ್ಲಿ ಗುಡ್ಡ ಕುಸಿಯುವ ಭಯ ಬೇರೆ ಸೇರಿಕೊಂಡಿದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜರಿದು ಮಡಿಕೇರಿ–ಮಂಗಳೂರು ರಸ್ತೆ ಬಂದ್ ಆಯಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯ ರಸ್ತೆ ಕುಸಿಯಿತು, ಆಮೇಲೆ ಬಹಳ ಕಾಲ ಭಾರಿ ಗಾಡಿಗಳನ್ನು ಬಿಡಲಿಲ್ಲ. 2021, 2022ರಲ್ಲಿ ಸಕಲೇಶಪುರದ ಹತ್ತಿರ ದೋಣಿಗಾಲ್‌ನಲ್ಲಿ ರಸ್ತೆ ಅಂಚು ಕುಸಿಯಿತು.

ತಡೆಯುವ ಅಧಿಕಾರ 115ನೇ ಸೆಕ್ಷನ್ನಿನಲ್ಲಿ ಇದೆ. ನಮ್ಮಲ್ಲಿ ಜಿಲ್ಲಾಧಿಕಾರಿ ಆದೇಶ ಹೊರಡಿಸುತ್ತಾರೆ. ಒಂದು ತಿಂಗಳು ಮೀರದ ಅವಧಿಗಾದರೆ ಗೆಜೆಟ್‌ನಲ್ಲಿ ಬರಬೇಕಿಲ್ಲ, ಸ್ಥಳೀಯ ಪ್ರಚಾರ ಸಾಕು. ಅದಕ್ಕೇ ನಿಮಗೆ ಗೊತ್ತಾಗುವ ಹೊತ್ತಿಗೆ ಲೋಡ್ ಆಗಿಬಿಟ್ಟಿರುತ್ತದೆ. ಜೂನ್ ಶುರುವಾದ ಮೇಲೆ ಹಾಸನ, ದಕ್ಷಿಣ ಕನ್ನಡ, ಕೊಡಗು, ಚಿಕ್ಕಮಗಳೂರು, ಈ ನಾಲ್ಕು ಜಿಲ್ಲೆಗಳ ಸುದ್ದಿಯನ್ನು ಬುಕಿಂಗ್ ದಿನ ಬೆಳಿಗ್ಗೆ ನೋಡಿಕೊಳ್ಳಿ. ಆದೇಶದಲ್ಲಿ ಬದಲಿ ದಾರಿ ಯಾವುದು, ರಾತ್ರಿ ಮಾತ್ರ ತಡೆಯೋ ಇಡೀ ದಿನವೋ ಅನ್ನುವುದೂ ಇರುತ್ತದೆ.

ಕೊಡಗಿನ ಮಳೆಗಾಲದ ಆದೇಶಗಳಲ್ಲಿ ಕಾಣುವ ಅಂಕಿ 18,500 ಕಿಲೋ. ಆರ್‌ಸಿ ತೂಕ ಅದಕ್ಕಿಂತ ಜಾಸ್ತಿ ಇರುವ ಸರಕು ಗಾಡಿ, ಬುಲೆಟ್ ಟ್ಯಾಂಕರ್, ಕಂಟೈನರ್, ಲಾಂಗ್ ಚಾಸಿ, ಮರದ ದಿಮ್ಮಿ, ಮರಳು, ಇವಕ್ಕೆ ತಡೆ ಬೀಳುತ್ತದೆ. ಗ್ಯಾಸ್, ಪೆಟ್ರೋಲ್, ಹಾಲು ಸಾಗಿಸುವ ಗಾಡಿಗಳಿಗೆ ವಿನಾಯಿತಿ ಇರುತ್ತದೆ. ಗಮನಿಸಿ, 18.5 ಟನ್ ಅಂದರೆ ಸರಿಯಾಗಿ ನಿಮ್ಮ ಆರು ಚಕ್ರದ ಮಿತಿ. ನಿಮ್ಮ ಗಾಡಿ ಆ ಗೆರೆಯ ಒಳಗಿದೆ. ಹತ್ತು ಚಕ್ರದ್ದು, ಖಾಲಿ ಇದ್ದರೂ, ಆಚೆಗೆ ಬೀಳುತ್ತದೆ. ಅಲ್ಲಿ ನೋಡುವುದು ಆರ್‌ಸಿಯ ತೂಕ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಭಾರದ ಲಾರಿಯವರು ಮರೆತುಬಿಡುವುದೇ ಒಳ್ಳೆಯದು.

ಒಂದು ಸಣ್ಣ ಮಾತು. ಮಳೆಯಲ್ಲಿ ಮರಳು, ಎಂ–ಸ್ಯಾಂಡ್ ನೀರು ಹಿಡಿಯುತ್ತದೆ. ಟಾರ್ಪಾಲ್ ಸರಿಯಾಗಿ ಕಟ್ಟದಿದ್ದರೆ ಹೊರಡುವಾಗ ಸರಿ ಇದ್ದ ತೂಕ ದಾರಿಯಲ್ಲಿ ಏರಿರುತ್ತದೆ. ಸ್ವಲ್ಪ ಕಮ್ಮಿಯೇ ತುಂಬಿಸಿ. ಖಾಲಿ ಗಾಡಿ ಒಮ್ಮೆ, ತುಂಬಿದ ಮೇಲೆ ಒಮ್ಮೆ ವೇ ಬ್ರಿಡ್ಜ್ ಹತ್ತಿಸಿ, ಎರಡೂ ಚೀಟಿ ಡ್ರೈವರ್ ಕೈಯಲ್ಲಿ ಇರಲಿ.

ಹತ್ತು ಚಕ್ರದ್ದು ತಗೊಳ್ಳುವ ಬಗ್ಗೆ: ನಿಮ್ಮ ಬಾಡಿಗೆ ವರ್ಷವಿಡೀ ಶಿರಾಡಿ ಮೇಲೆ ಮಂಗಳೂರಿಗೇ ಇದ್ದರೆ ತಗೊಳ್ಳಿ. ಹಿಂದಿನ ಜೋಡಿ ಆಕ್ಸಲ್ 21 ಟನ್ ಹೊರುತ್ತದೆ, ಜಾಸ್ತಿ ಮಾಲನ್ನು ಕಾನೂನಿನ ಒಳಗೇ ಒಯ್ಯಬಹುದು. ಆದರೆ ಮಳೆಗಾಲದ ಕಂತಿನ ದುಡ್ಡನ್ನು ಬೇಸಿಗೆಯಲ್ಲೇ ಎತ್ತಿಡಿ, ಘಾಟಿ ಬಂದ್ ಆದರೆ ಗಾಡಿ ಮನೆ ಮುಂದೆ ನಿಲ್ಲುತ್ತದೆ. ಕೊಡಗಿನ ತೋಟಗಳ ಕಾಫಿ, ಮೆಣಸು, ಗೊಬ್ಬರವೇ ನಿಮ್ಮ ಮುಖ್ಯ ಬಾಡಿಗೆಯಾದರೆ ಆರು ಚಕ್ರವನ್ನೇ ಇಟ್ಟುಕೊಳ್ಳಿ. ಬೇಕಾದರೆ ಇನ್ನೊಂದು ಆರು ಚಕ್ರ ಸೇರಿಸಿ.