ಕುಲುಮೆಯ ಅಂಗಡಿಯ ಖಾತೆಪುಸ್ತಕ

ಪ್ರಶ್ನೆ: ಮಂಡ್ಯದ ಹತ್ತಿರ ಆಲೆಮನೆ ನಡೆಸುತ್ತಿದ್ದ ನಮ್ಮ ತಾತನವರ ಕಿರ್ದಿಯಲ್ಲಿ, ಆಳುಗಳಿಗೆ ಕೊಟ್ಟ ರಾಗಿ, ಬಟ್ಟೆ, ಮುಂಗಡ ಎಲ್ಲವೂ ಬರೆದಿದೆ. ಅಮೆರಿಕದ ಹಳೆಯ ಕಬ್ಬಿಣದ ಕುಲುಮೆಗಳಲ್ಲಿಯೂ ಕೂಲಿಗೆ ಬದಲಾಗಿ ಕಂಪನಿಯ ಅಂಗಡಿಯಿಂದ ಸಾಮಾನು ಕೊಡುತ್ತಿದ್ದರೆಂದು ಓದಿದೆ. ಹಾಗಾದರೆ ಅಲ್ಲಿನ ಕೆಲಸಗಾರರೆಲ್ಲ ಸಾಲದ ಜೀತದಲ್ಲಿದ್ದರೇ? — ಓದುಗರೊಬ್ಬರು, ಮಂಡ್ಯ

ಉತ್ತರ: ಎಲ್ಲರೂ ಜೀತದಲ್ಲಿದ್ದರೆಂದು ಹೇಳಲಾಗದು. ಆದರೆ ಆ ಲೆಕ್ಕಗಳನ್ನು ಬರೆದ ಲೇಖನಿ ಮಾಲೀಕನ ಕಡೆಯದಾಗಿತ್ತು ಎಂಬುದನ್ನು ಮರೆಯಲೂ ಬಾರದು.

ಮೊದಲಿಗೆ ಇಂಥ ಅಂಗಡಿ ಏಕೆ ಬೇಕಾಯಿತೆಂದು ನೋಡೋಣ. ಪೆನ್ಸಿಲ್ವೇನಿಯಾದಲ್ಲಿ ಮಾರ್ಕ್ ಬರ್ಡ್ ಎಂಬವರು 1771ರಲ್ಲಿ ಆರಂಭಿಸಿದ ಹೋಪ್‌ವೆಲ್ ಕುಲುಮೆ 1883ರವರೆಗೆ ನಡೆಯಿತು. ನಮ್ಮ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಶುರುವಾದಾಗ ಹೇಗೋ ಹಾಗೆಯೇ ಅಲ್ಲಿಯೂ ಉರುವಲು ಇದ್ದಿಲೇ ಆಗಿತ್ತು. ಕುಲುಮೆ ಉರಿಯುವಾಗ ದಿನಕ್ಕೆ ಸುಮಾರು ಒಂದು ಎಕರೆ ಕಾಡಿನ ಮರ ಬೇಕಾಗುತ್ತಿತ್ತು. ಆದ್ದರಿಂದ ಕುಲುಮೆಯನ್ನು ಪೇಟೆಯ ಪಕ್ಕದಲ್ಲಲ್ಲ, ಅದಿರು, ಸುಣ್ಣಕಲ್ಲು, ತಿದಿಯ ಚಕ್ರ ತಿರುಗಿಸುವ ನೀರು ಮತ್ತು ಕಾಡು ಇರುವಲ್ಲಿ ಕಟ್ಟುತ್ತಿದ್ದರು. ಮರ ಕಡಿಯುವವರು, ಇದ್ದಿಲು ಸುಡುವವರು, ಗಾಡಿ ಹೊಡೆಯುವವರು, ಅಚ್ಚು ಹಾಕುವವರು ಎಲ್ಲರೂ ಅಲ್ಲಿಯೇ ನೆಲೆಸಿದರು. ನಾಣ್ಯವೂ ವಿರಳವಾಗಿದ್ದ ಆ ಕಾಲದಲ್ಲಿ ಹಿಟ್ಟು, ಬಟ್ಟೆ, ಪಾದರಕ್ಷೆಗಳು ದೊರೆಯಬೇಕಾದರೆ ಮಾಲೀಕನೇ ಅಂಗಡಿ ಇಡಬೇಕಾಗಿತ್ತು.

ಈ ಅಂಗಡಿಯಲ್ಲಿ ಉದ್ರಿಯಾಗಿ ಕೊಂಡದ್ದೆಲ್ಲ ಮೊದಲು ದಿನವಹಿಗೆ, ಆಮೇಲೆ ಖಾತೆಪುಸ್ತಕದಲ್ಲಿ ಆಯಾ ಕೆಲಸಗಾರನ ಪುಟಕ್ಕೆ ಏರುತ್ತಿತ್ತು. ಅದೇ ಪುಟದ ಇನ್ನೊಂದು ಬದಿಯಲ್ಲಿ ಅವನ ದುಡಿಮೆ ಜಮೆಯಾಗುತ್ತಿತ್ತು: ಮರ ಕಡಿದವನಿಗೆ ಒಟ್ಟಿದ ಸೌದೆಯ ಅಳತೆಯ ಮೇಲೆ, ಇದ್ದಿಲು ಸುಟ್ಟವನಿಗೆ ಇದ್ದಿಲಿನ ಅಳತೆಯ ಮೇಲೆ, ಅಚ್ಚು ಹಾಕಿದವನಿಗೆ ಎರಕದ ತೂಕದ ಮೇಲೆ. ಒಬ್ಬ ಕೆಲಸಗಾರ ಇನ್ನೊಬ್ಬನಿಗೆ ಕೊಡಬೇಕಾದುದನ್ನು ಪುಟದಿಂದ ಪುಟಕ್ಕೆ ವರ್ಗಾಯಿಸುವ ಮೂಲಕ ತೀರಿಸಿದ್ದೂ ಉಂಟು. ಬ್ಯಾಂಕು ಮಾಡುವ ಕೆಲಸವನ್ನು ಅಲ್ಲಿ ಈ ಪುಸ್ತಕವೇ ಮಾಡುತ್ತಿತ್ತು. ಹೀಗಿರುವಾಗ ಖರ್ಚಿನ ಬದಿಯನ್ನು ಮಾತ್ರ ಓದಿ ಸಾಲದ ಜೀತವೆಂದು ತೀರ್ಮಾನಿಸುವುದು ಸರಿಯಲ್ಲ.

ಆದರೂ ಪುಸ್ತಕವು ಕಾಣಿಸದೆ ಬಿಡುವ ಸಂಗತಿಗಳು ನನ್ನನ್ನು ಹೆಚ್ಚು ಕಾಡುತ್ತವೆ. ವಿವಾಹಿತ ಸ್ತ್ರೀಯ ಗಳಿಕೆ ಗಂಡನದೇ ಎಂಬುದು ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಅಲ್ಲಿನ ಕಾನೂನಾಗಿದ್ದುದರಿಂದ, ಅವಳು ಹೊಲಿದದ್ದು, ಒಗೆದದ್ದು ಅವನ ಪುಟದಲ್ಲಿಯೇ ಕರಗಿಹೋಗಬಹುದಾಗಿತ್ತು. ಇನ್ನು ವರ್ಜೀನಿಯಾದ ಕುಲುಮೆಗಳಲ್ಲಿ ದುಡಿದವರಲ್ಲಿ ಬಹಳ ಮಂದಿ ಗುಲಾಮರಾಗಿದ್ದ ಕಪ್ಪು ಜನರು. ಗೊತ್ತುಮಾಡಿದ ಕೆಲಸವನ್ನು ಮುಗಿಸಿ ಅದಕ್ಕೂ ಹೆಚ್ಚು ದುಡಿದರೆ, ಆ ಹೆಚ್ಚುವರಿ ದುಡಿಮೆಯ ಮೊತ್ತವನ್ನು ಅವರ ಹೆಸರಿನಲ್ಲಿ ಜಮೆ ಮಾಡಿ, ಅದಕ್ಕೆ ಅಂಗಡಿಯಿಂದ ಸಕ್ಕರೆ, ಕಾಫಿ, ಬಟ್ಟೆ ಕೊಡುತ್ತಿದ್ದರು. ಆ ಪುಟವನ್ನು ಮಾತ್ರ ಕಂಡವರಿಗೆ ಅವನೂ ಕೂಲಿಯವನೆಂದೇ ತೋರಬಹುದು. ಅವನ ದಿನನಿತ್ಯದ ದುಡಿಮೆಗೆ ಒಂದು ಕಾಸೂ ಜಮೆಯಾಗಿರಲಿಲ್ಲ.

ನಿಮ್ಮ ತಾತನವರ ಪುಸ್ತಕವನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದು ಆಣೆಗೆ 12 ಪೈ, ಒಂದು ರೂಪಾಯಿಗೆ 16 ಆಣೆ ಎಂಬ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡು, ಒಬ್ಬ ಆಳಿನ ಹೆಸರನ್ನು ಹಿಡಿದು ನಾಲ್ಕೈದು ಹಂಗಾಮುಗಳವರೆಗೆ ಓದುತ್ತ ಹೋಗಿ. ಹಂಗಾಮಿನ ಕೊನೆಯಲ್ಲಿ ಬಾಕಿ ಚುಕ್ತಾ ಆಗುತ್ತಿತ್ತೇ, ಅಥವಾ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತೇ ಎಂಬುದನ್ನು ಗುರುತು ಮಾಡಿಕೊಳ್ಳಿ. ಅದೇ ತಿಂಗಳಿನಲ್ಲಿ ನೆರೆಯ ರೈತರಿಗೆ ರಾಗಿ ಕೊಟ್ಟ ದರವೂ ಪುಸ್ತಕದಲ್ಲಿದ್ದರೆ, ಆಳಿಗೆ ಹಾಕಿದ ದರವನ್ನು ಅದರ ಪಕ್ಕದಲ್ಲಿಟ್ಟು ನೋಡಿ.